ಶೀಶ್ ಮಹಲಿನ ಆಚೆಗಿನ ಇತಿಹಾಸ

ಟಿ.ವಿ.ಯಲ್ಲಿ ‘ಮೊಘಲ್-ಎ-ಆಝಂ’ ಬಂದಾಗಲೆಲ್ಲ ನಾವು ಶೀಶ್ ಮಹಲಿನ ಬೆಲ್ಜಿಯಂ ಗಾಜಿನ ಬಗ್ಗೆಯೋ, ಬಡೇ ಗುಲಾಂ ಅಲಿ ಖಾನರು ಒಂದು ಹಾಡಿಗೆ ಪಡೆದರೆನ್ನುವ 25,000 ರೂಪಾಯಿಯ ಬಗ್ಗೆಯೋ ಮಾತಾಡಿಕೊಳ್ಳುತ್ತೇವೆ. ಅದರಾಚೆಗಿನ ಕಥೆಯನ್ನು ಮರೆತುಬಿಡುತ್ತೇವೆ.

ಕೆ. ಆಸಿಫ್ ಈ ಚಿತ್ರದ ಶೂಟಿಂಗ್ ಆರಂಭಿಸಿದ್ದು 1946ರಲ್ಲಿ. ಆಗ ನರ್ಗಿಸ್ ಅನಾರ್ಕಲಿ, ಚಂದ್ರಮೋಹನ್ ಅಕ್ಬರ್. ಮರುವರ್ಷ ದೇಶ ಇಬ್ಭಾಗವಾಯಿತು. ಹಣ ಹೂಡಿದ್ದ ಶಿರಾಝ್ ಅಲಿ ಹಕೀಂ ಪಾಕಿಸ್ತಾನಕ್ಕೆ ಹೋದರು. 1949ರಲ್ಲಿ ಚಂದ್ರಮೋಹನ್ ತೀರಿಕೊಂಡರು. ಚಿತ್ರ ನಿಂತೇಹೋಯಿತು. ಆಸಿಫ್ ಬಿಡಲಿಲ್ಲ. ಪಾರ್ಸಿ ಉದ್ಯಮಿ ಶಾಪೂರ್‌ಜಿ ಪಲ್ಲೋಂಜಿಯವರ ಹಣದಿಂದ, ದಿಲೀಪ್ ಕುಮಾರ್, ಮಧುಬಾಲಾ, ಪೃಥ್ವಿರಾಜ್ ಕಪೂರ್ ಅವರೊಂದಿಗೆ ಮೊದಲಿನಿಂದ ಶುರುಮಾಡಿ 1960ರಲ್ಲಿ ತೆರೆಗೆ ತಂದರು.

ಅಕ್ಬರ್‌ನಾಮಾದಲ್ಲಾಗಲಿ, ಜಹಾಂಗೀರನ ಆತ್ಮಕಥೆಯಲ್ಲಾಗಲಿ ಅನಾರ್ಕಲಿಯ ಹೆಸರಿಲ್ಲ. ಚಿತ್ರಕ್ಕೆ ಆಧಾರ 1922ರಲ್ಲಿ ಇಮ್ತಿಯಾಝ್ ಅಲಿ ತಾಜ್ ಬರೆದ ಉರ್ದು ನಾಟಕ. ಆದರೂ ಈ ಚಿತ್ರ ಇತಿಹಾಸವೇ. ಅಕ್ಬರನ ಕಾಲದ್ದಲ್ಲ, ವಿಭಜನೆಯ ಗಾಯ ಮಾಯದ ಭಾರತದ್ದು. ಹಿಂದೂಸ್ಥಾನವೇ ಮಾತಾಡುತ್ತಾ ಚಿತ್ರ ತೆರೆದುಕೊಳ್ಳುತ್ತದೆ. ಜನ್ಮಾಷ್ಟಮಿಯಂದು ಬಾದಶಹನೇ ಕೃಷ್ಣನ ತೊಟ್ಟಿಲು ತೂಗುತ್ತಾನೆ.

ತೆರೆಯ ಅಕ್ಬರನನ್ನು ನಿಜವೆಂದು ನಂಬಿ ನಾವು ಬೀಗುವುದೂ ಬೇಡ, ತೆರೆಯ ಖಳ ಸುಲ್ತಾನರನ್ನು ನಂಬಿ ಇನ್ನೊಬ್ಬರು ನೆರೆಯವರನ್ನು ದ್ವೇಷಿಸುವುದೂ ಬೇಡ. ಸಿನಿಮಾ ಹೇಳುವುದು ಅದನ್ನು ತೆಗೆದ ಕಾಲದ ಮನಸ್ಸನ್ನು. 1960ರ ಮನಸ್ಸು ಒಡೆದದ್ದನ್ನು ಕೂಡಿಸಲು ಹಂಬಲಿಸಿತ್ತು. ನಮ್ಮ ಕಾಲದ ಸಿನಿಮಾಗಳು ನಾಳೆ ನಮ್ಮ ಬಗ್ಗೆ ಏನು ಹೇಳಿಯಾವು?