ಬೆಳಗಾವಿ–ಖಾನಾಪುರ: ಒಂಟಿ ಹಳಿಯ ಇತಿಹಾಸ

ಬೆಳಗಾವಿ, ಖಾನಾಪುರ, ಲೋಂಡಾಗಳನ್ನು ಬೆಸೆಯುವ ಮಾರ್ಗವನ್ನು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಮೀಟರ್ ಗೇಜಿನಲ್ಲಿ, ಎಂದರೆ ಹಳಿಗಳ ನಡುವೆ 1 ಮೀಟರ್ ಅಂತರವಿರಿಸಿ, ನಿರ್ಮಿಸಿತು. 1990ರ ದಶಕದಲ್ಲಿ ಅದು ಬ್ರಾಡ್ ಗೇಜಿಗೆ ಪರಿವರ್ತನೆಯಾದರೂ ಒಂಟಿ ಹಳಿಯಾಗಿಯೇ ಉಳಿದದ್ದರಿಂದ, ಎದುರಿನ ಗಾಡಿ ತಡವಾದರೆ ಇತ್ತಲಿನದು ನಿಲ್ದಾಣದ ಲೂಪ್ ಲೈನಿನಲ್ಲಿ, ಅಂದರೆ ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದನ್ನೇ ಸೇರುವ ಪಕ್ಕದ ಹಳಿಯಲ್ಲಿ, ದಾರಿ ಬಿಡುವವರೆಗೆ ನಿಲ್ಲಬೇಕಿತ್ತು. ಹೀಗೆ ಕಾಯುವ ಪಾಳಿ ಸಾಮಾನ್ಯವಾಗಿ ಪ್ಯಾಸೆಂಜರ್ ಗಾಡಿಯದೇ; ದಿನಗೂಲಿಯವರ, ವಿದ್ಯಾರ್ಥಿಗಳ ಹೊತ್ತಿಗೆ ಬೆಲೆಯೇ ಇಲ್ಲವೆಂಬಂಥ ಈ ಕ್ರಮ ನ್ಯಾಯವಾದುದಲ್ಲ.

ಈ ಕೊರತೆ ನೀಗಿಸಲೆಂದೇ ಜೋಡಿ ಹಳಿಯ ಕಾಮಗಾರಿ ಬಂತು. ಆದರೆ ಹೊಸ ಹಳಿಯನ್ನು ಹಳೆಯದಕ್ಕೆ ಕೂಡಿಸುವಾಗ ಸಂಚಾರವನ್ನು ಕೆಲಕಾಲ ತಡೆಯಬೇಕಾಗುವುದರಿಂದ ಇಂಥ ಕಾಮಗಾರಿಯೇ ಗಾಡಿಗಳ ರದ್ದತಿಗೂ ಕಾರಣವಾಗುತ್ತದೆ. ಇದು ಸಾಲದೆಂಬಂತೆ 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ದೇಶದಾದ್ಯಂತ ಗಾಡಿಗಳು ನಿಂತವು. ಪ್ಯಾಸೆಂಜರ್ ಗಾಡಿಗಳು ಮರಳಿದಾಗ ‘ವಿಶೇಷ’ವೆನಿಸಿಕೊಂಡು, ಕನಿಷ್ಠ ದರ 10 ರೂಪಾಯಿಯಿಂದ 30ಕ್ಕೇರಿ, 2024ರ ಫೆಬ್ರವರಿಯವರೆಗೂ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಇನ್ನು ಬದಲಿ ಮಾರ್ಗದ ಮಾತೆಂದರೆ, ಬೆಳಗಾವಿಯ ಸಂಸದರಾಗಿದ್ದ ಸುರೇಶ ಅಂಗಡಿ ಅವರು ರೈಲ್ವೆ ರಾಜ್ಯ ಸಚಿವರಾಗಿದ್ದಾಗ ಒತ್ತಾಸೆ ನೀಡಿದ ಕಿತ್ತೂರು ಮೂಲಕದ ಬೆಳಗಾವಿ–ಧಾರವಾಡ ನೇರ ಮಾರ್ಗವು ಲೋಂಡಾದ ಸುತ್ತುದಾರಿಯನ್ನು ತಪ್ಪಿಸುವುದು ನಿಜ, ಆದರೆ ಅದು ಖಾನಾಪುರವನ್ನು ಮುಟ್ಟುವುದಿಲ್ಲ.