ಸಾರಥಿಯ ಎಚ್ಚರ

ರಸ್ತೆಯ ಅಪಘಾತಗಳನ್ನು ಕುರಿತು ಒಬ್ಬ ಕನ್ನಡ ಮೇಷ್ಟ್ರು ಮಾತನಾಡುವುದೆಂದರೆ ಕೇಳುವವರಿಗೆ ವಿಚಿತ್ರವೆನಿಸಬಹುದು. ಇದು ಪೋಲೀಸರೋ ಎಂಜಿನಿಯರರೋ ಆಡಬೇಕಾದ ಮಾತು. ಆದರೆ ಈ ವಿಷಯಕ್ಕೂ ಒಂದು ಚರಿತ್ರೆಯುಂಟು. ಅದರ ಒಂದು ತುದಿ ನಮ್ಮ ಕಾವ್ಯಪುರಾಣಗಳಲ್ಲಿದೆ, ಇನ್ನೊಂದು ತುದಿ ನಮ್ಮೂರಿನ ಗಾಡಿಜಾಡಿನಲ್ಲಿದೆ.

ನನ್ನದು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ. 1960ರ ದಶಕದಲ್ಲಿ, ನಾನಿನ್ನೂ ಹುಡುಗನಾಗಿದ್ದಾಗ, ಸಂತೆಗೆ ಹೋದ ನಮ್ಮ ತಂದೆಯವರು ಮರಳುವ ವೇಳೆಗೆ ರಾತ್ರಿಯಾಗುತ್ತಿತ್ತು. ದಿನವೆಲ್ಲ ದುಡಿದ ಆಯಾಸಕ್ಕೆ ಅವರು ಗಾಡಿಯಲ್ಲಿಯೇ ಹುಲ್ಲಿನ ಮೇಲೆ ಒರಗಿ ನಿದ್ದೆ ಹೋಗಿಬಿಡುತ್ತಿದ್ದರು. ಎತ್ತುಗಳು ತಾವಾಗಿಯೇ ಊರ ದಾರಿ ಹಿಡಿದು, ಏರಿಯನ್ನು ದಾಟಿ, ಕೊಟ್ಟಿಗೆಯ ಮುಂದೆ ಬಂದು ನಿಲ್ಲುತ್ತಿದ್ದವು. ಕೊರಳ ಗಂಟೆಯ ಸದ್ದಿಗೆ ಅಮ್ಮ ಲಾಂದ್ರ ಹಿಡಿದು ಹೊರಗೆ ಬಂದು ಅವರನ್ನು ಎಬ್ಬಿಸಬೇಕಾಗಿತ್ತು. ಬಹಳ ಕಾಲ ಇದನ್ನು ನಾನು ನಗೆಯ ಪ್ರಸಂಗವೆಂದೇ ಹೇಳುತ್ತಿದ್ದೆ. ಈಗ ಹಾಗೆ ತೋರುವುದಿಲ್ಲ. ಗಾಡಿ ಹೊಡೆಯುವ ಕೆಲಸದಲ್ಲಿ ಎರಡು ಎಚ್ಚರಗಳಿದ್ದವು: ಮನುಷ್ಯನದೊಂದು, ಎತ್ತಿನದೊಂದು. ಒಂದು ತಪ್ಪಿದರೆ ಇನ್ನೊಂದು ಕಾಯುತ್ತಿತ್ತು. ಆ ಕಾಲದಲ್ಲಿ ದಾರಿಯಲ್ಲಿ ಯಾರೂ ಸಾಯುತ್ತಿರಲಿಲ್ಲವೆಂದಲ್ಲ. ಬೆದರಿದ ಎತ್ತು ಗಾಡಿಯನ್ನು ಮಗುಚಿ ಹಾಕಿದ್ದನ್ನು ನಾನೇ ಕಂಡಿದ್ದೇನೆ. ಆದರೆ ಮೋಟಾರು ಬಂದ ದಿನ ಆ ಎರಡನೆಯ ಎಚ್ಚರ ದಾರಿಯಿಂದ ಕಣ್ಮರೆಯಾಯಿತು. ಯಂತ್ರಕ್ಕೆ ಕಣ್ಣಿಲ್ಲ, ಊರಿನ ನೆನಪಿಲ್ಲ.

ಈ ಕೊರತೆಯನ್ನು ಮೊದಲು ಮನಗಂಡವರಲ್ಲಿ ಇಂಗ್ಲೆಂಡಿನವರೂ ಇದ್ದರು. 1865ರಲ್ಲಿ ಅವರೊಂದು ಕಾನೂನು ಮಾಡಿದರು. ರಸ್ತೆಯ ಮೇಲೆ ಓಡುವ ಉಗಿಯಂತ್ರ ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿಯನ್ನು ಮೀರಕೂಡದು. ಅದರ ಮುಂದೆ 60 ಗಜ ದೂರದಲ್ಲಿ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕು! ಚರಿತ್ರೆ ಓದುವವರು ಇದನ್ನು ಕಂಡು ನಗುತ್ತಾರೆ. ನನಗೆ ಮಾತ್ರ ಆ ಬಾವುಟದವನು ನಮ್ಮ ಎತ್ತಿನ ಬದಲಿಗೆ ಬಂದವನಂತೆ ಕಾಣುತ್ತಾನೆ. 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನ ಬಳಿ, ಪ್ರದರ್ಶನಕ್ಕೆಂದು ಓಡಿಸುತ್ತಿದ್ದ ಕಾರಿಗೆ ಸಿಕ್ಕಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಗೃಹಿಣಿ ಸತ್ತಳು. ಇಂಥದು ಇನ್ನೆಂದೂ ನಡೆಯದಿರಲಿ ಎಂಬ ಮಾತು ಮರಣವಿಚಾರಣೆಯಲ್ಲಿ ಕೇಳಿಬಂತು. ಮೂರು ತಿಂಗಳೊಳಗೆ, ಅದೇ ನವೆಂಬರಿನಲ್ಲಿ, ಹೊಸ ಕಾನೂನು ಬಂದು ವೇಗದ ಮಿತಿ ಮೇಲೇರಿತು.

ನಮ್ಮ ಮೈಸೂರು ಸೀಮೆಯಲ್ಲಿ ದಾರಿಗಳು ಮೋಟಾರಿಗಿಂತ ಬಹಳ ಮೊದಲೇ ಸಿದ್ಧವಾಗಿದ್ದವು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಹಾಕಿಸಿದ ರಸ್ತೆಗಳೆಲ್ಲ ಎತ್ತಿನ ಗಾಡಿಗಳ ಸಲುವಾಗಿ. ಅವುಗಳ ತಿರುವು, ಸೇತುವೆ, ಅಗಲ ಎಲ್ಲವೂ ಎತ್ತಿನ ನಡಿಗೆಗೆ ಒಪ್ಪುವಂಥವು. ಅವುಗಳ ಮೇಲೆಯೇ ಮುಂದೆ ಮೋಟಾರು ಓಡಿತು. 1914ರಲ್ಲಿ, ಮತ್ತೆ 1939ರಲ್ಲಿ, ಮತ್ತೆ 1988ರಲ್ಲಿ ಮೋಟಾರು ವಾಹನಗಳ ಕಾಯಿದೆಗಳಾದವು. ಕುಣಿಗಲ್ಲಿನ ಮೇಲೆ ಹಾಯುವ ಬೆಂಗಳೂರು–ಮಂಗಳೂರು ಹೆದ್ದಾರಿ ಮೊದಲು 48 ಎನಿಸಿಕೊಂಡಿತ್ತು, ಈಗ 75. ಇಲ್ಲಿ ಅದೀಗ ನಾಲ್ಕು ಪಥಗಳ ದಾರಿ. ಆದರೆ ಅದನ್ನು ಅಡ್ಡ ಹಾಯುವವರು ಇಂದಿಗೂ ಹುಲ್ಲಿನ ಹೊರೆ ಹೊತ್ತವರು, ಹಿಂದೆ ದೀಪವಿಲ್ಲದ ಟ್ರಾಕ್ಟರಿನವರು.

ಕುಣಿಗಲ್ ಎಂದೊಡನೆ ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಂ ನೆನಪಾಗುತ್ತದೆ. ಕುದುರೆ ಎಂದೊಡನೆ ನನಗೆ ನಳನ ಕಥೆ. ಕನಕದಾಸರು ಕನ್ನಡಿಸಿದ ಈ ಕಥೆಯ ಮೂಲ ಮಹಾಭಾರತದಲ್ಲಿದೆ. ರಾಜ್ಯ ಕಳೆದುಕೊಂಡ ನಳ ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಸಾರಥಿಯಾಗಿದ್ದಾನೆ. ದಮಯಂತಿಯ ಎರಡನೆಯ ಸ್ವಯಂವರವೆಂಬ ಸುದ್ದಿ ಕೇಳಿ ರಥ ಗಾಳಿಯಂತೆ ಓಡುತ್ತಿದೆ. ಋತುಪರ್ಣನ ಉತ್ತರೀಯ ಜಾರಿ ಬೀಳುತ್ತದೆ. ರಥ ನಿಲ್ಲಿಸು, ತರಿಸಿಕೊಳ್ಳುತ್ತೇನೆ ಎನ್ನುತ್ತಾನೆ ರಾಜ. ಅದು ಬಿದ್ದ ಸ್ಥಳ ಆಗಲೇ ಒಂದು ಯೋಜನದಷ್ಟು ಹಿಂದಾಯಿತು ಎನ್ನುತ್ತಾನೆ ಸಾರಥಿ. ವೇಗವೆಂದರೇನೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಓದಿಲ್ಲ. ನಿಲ್ಲಿಸು ಎಂದು ಮನಸ್ಸು ಹೇಳುವ ಹೊತ್ತಿಗೆ ನಿಲ್ಲಬೇಕಾದ ಜಾಗ ಹಿಂದೆ ಸರಿದಿರುತ್ತದೆ.

ಲೆಕ್ಕ ಹಾಕಿದರೂ ಹಾಗೆಯೇ. ಅಪಾಯ ಕಣ್ಣಿಗೆ ಬಿದ್ದು ಕಾಲು ಬ್ರೇಕನ್ನು ತುಳಿಯಲು ಸುಮಾರು ಒಂದು ಸೆಕೆಂಡು ಬೇಕು. ಗಂಟೆಗೆ 40 ಕಿಲೋಮೀಟರಿನಲ್ಲಿ ಆ ಒಂದು ಸೆಕೆಂಡಿಗೆ 11 ಮೀಟರು ಸಾಗಿರುತ್ತೇವೆ. 80ರಲ್ಲಿ 22 ಮೀಟರು. ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ಎರಡರಷ್ಟಲ್ಲ, ನಾಲ್ಕರಷ್ಟು. ಮಳೆ ಬಿದ್ದ ರಸ್ತೆಯಾದರೆ ಇನ್ನೂ ಹೆಚ್ಚು. ಮುಂದಿನ ವಾಹನಕ್ಕೂ ನಮಗೂ ನಡುವೆ ಬಿಡುವ ಜಾಗ ಹೇಡಿತನದ ಗುರುತಲ್ಲ. ಆ ಒಂದು ಸೆಕೆಂಡಿಗೆ ಸಲ್ಲಬೇಕಾದ ಬಾಕಿ.

ನಿದ್ದೆಯ ಮಾತನ್ನು ಮತ್ತೆ ಎತ್ತಬೇಕು. ಮೋಟಾರು ಸಾರಿಗೆ ಕೆಲಸಗಾರರಿಗಾಗಿ 1961ರಲ್ಲಿ ಆದ ಕಾಯಿದೆ ದಿನಕ್ಕೆ 8 ಗಂಟೆಯ ದುಡಿಮೆ, 5 ಗಂಟೆಗೊಮ್ಮೆ ಅರ್ಧ ಗಂಟೆಯಾದರೂ ವಿಶ್ರಾಂತಿ ಎಂದು ವಿಧಿಸಿತು. ಮದುವೆಗೆಂದು ವ್ಯಾನು ಗೊತ್ತುಮಾಡುವ ನಾವು ಎಷ್ಟು ಮಂದಿ, ನೀನು ನಿನ್ನೆ ಮಲಗಿದ್ದೆಯೇನಪ್ಪ ಎಂದು ಡ್ರೈವರನ್ನು ಕೇಳಿದ್ದೇವೆ? ಊಟದ ಪಂಕ್ತಿಯಲ್ಲಿ ಅವನನ್ನು ಕೊನೆಗೆ ಕೂರಿಸಿ, ಮರುಕ್ಷಣವೇ ಹೊರಡು ಎನ್ನುವವರು ನಾವೇ. ಸೂತನೆಂದು ಕರ್ಣನನ್ನು ಹೀಗಳೆದ ಸಮಾಜ ನಮ್ಮದು!

2022ರಲ್ಲಿ ಭಾರತದ ರಸ್ತೆಗಳ ಮೇಲೆ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ಸುಮಾರು 50,000 ಮಂದಿ ಹೆಲ್ಮೆಟ್ ಧರಿಸದವರು. ಇಂಥ ದೊಡ್ಡ ಅಂಕಿ ಕಿವಿಯನ್ನು ಮುಟ್ಟುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ. ನಮ್ಮ ಜಿಲ್ಲೆಯ ಒಂದೇ ಸಾವು ಇಳಿದದ್ದುಂಟು. 2016ರ ಫೆಬ್ರವರಿ 16ರಂದು, ಗುಬ್ಬಿ ತಾಲ್ಲೂಕಿನ ಹರೀಶ್ ಎಂಬ ತರುಣ ಊರಿನಿಂದ ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದಾಗ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿದ. ದೇಹ ಎರಡಾಗಿತ್ತು. ಆ ಸ್ಥಿತಿಯಲ್ಲಿ ಅವನು ತನ್ನ ಅಂಗಗಳನ್ನು ದಾನ ಮಾಡಿರೆಂದು ಕೇಳಿಕೊಂಡ. ಹೆಲ್ಮೆಟ್ ಇದ್ದುದರಿಂದ ಕಣ್ಣುಗಳು ಉಳಿದಿದ್ದವು, ಅವು ದಾನವಾದವು. ಗಾಯಾಳುಗಳಿಗೆ ಮೊದಲ 48 ಗಂಟೆ ಉಚಿತ ಚಿಕಿತ್ಸೆ ಕೊಡಿಸಲು ಅದೇ ವರ್ಷ ರಾಜ್ಯ ಸರ್ಕಾರ ಆರಂಭಿಸಿದ ಯೋಜನೆಗೆ ಅವನ ಹೆಸರನ್ನೇ ಇಟ್ಟಿತು.

ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಕಾರಣವನ್ನು ಹೇಳಿಬಿಡುತ್ತೇನೆ. 1984ರಲ್ಲಿ ನಾನು ಹೊಸದಾಗಿ ಅಧ್ಯಾಪಕನಾಗಿದ್ದೆ. ಒಂದು ಸಂಜೆ ತುಮಕೂರಿನಿಂದ ಊರಿಗೆ ಸ್ಕೂಟರಿನಲ್ಲಿ ಬರುತ್ತಿದ್ದೆ. ಊರಿನಲ್ಲಿ ಸಭೆ, ನನ್ನದೇ ಭಾಷಣ. ಮೋರಿಯ ಪಕ್ಕದಲ್ಲಿ ಸೈಕಲ್ಲು ನುಗ್ಗಾಗಿ ಬಿದ್ದಿತ್ತು, ಒಬ್ಬ ಮನುಷ್ಯ ಅಂಗಾತನಾಗಿದ್ದ. ಕೈ ಆಡುತ್ತಿತ್ತು. ನಾನು ನೋಡಿದೆ. ಪೋಲೀಸು, ಸಾಕ್ಷಿ, ಕೋರ್ಟು ಎಂಬ ಮೂರು ಮಾತು ಮನಸ್ಸಿನಲ್ಲಿ ಹಾದುಹೋದವು. ಸ್ಕೂಟರು ನಿಲ್ಲಲಿಲ್ಲ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಕಾನೂನಿನ ವಿಧಿಗಳು ಆಮೇಲೆ ಎಂದು ಸುಪ್ರೀಂ ಕೋರ್ಟು ಹೇಳಿದ್ದು 1989ರಲ್ಲಿ. ನೆರವಾದವರಿಗೆ ರಕ್ಷಣೆಯ ಮಾತು ಮೋಟಾರು ಕಾಯಿದೆಯೊಳಗೆ ಸೇರಿದ್ದು 2019ರಲ್ಲಿ. ಆದರೆ ಅಂದು ನನಗೆ ಬೇಕಾಗಿದ್ದುದು ಕಾನೂನಲ್ಲ.

ಎರಡು ಮೈಲಿ ಹೋದ ಮೇಲೆ ತಿರುಗಿಸಿದೆ. ಮೋರಿಯ ಹತ್ತಿರ ಸೈಕಲ್ಲು ಮಾತ್ರ ಇತ್ತು. ಪಕ್ಕದ ಚಹದಂಗಡಿಯವನನ್ನು ಕೇಳಿದೆ. ಕಬ್ಬು ಇಳಿಸಿ ಬರುತ್ತಿದ್ದ ಒಬ್ಬ ಗಾಡಿಯವನು ಅವನನ್ನು ಸೋಗೆಯ ಮೇಲೆ ಮಲಗಿಸಿಕೊಂಡು ಕುಣಿಗಲ್ಲಿನ ಆಸ್ಪತ್ರೆಗೆ ಹೊಡೆದುಕೊಂಡು ಹೋದನೆಂದು ಅವನು ಹೇಳಿದ.