ಮುಚ್ಚಿದ್ದರಿಂದಲೇ ಉಳಿದ ನೆಲ

ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಸೇಂಟ್ ಜಾರ್ಜ್ಸ್ ಹಾಲ್ 1854ರಲ್ಲಿ ಉದ್ಘಾಟನೆಗೊಂಡಿತು. ಅದರ ಮುಖ್ಯ ಸಭಾಂಗಣದ ನೆಲಕ್ಕೆ ಮಿಂಟನ್ ಕಂಪೆನಿಯ ಸುಮಾರು 30 ಸಾವಿರ ಚಿತ್ತಾರದ ಟೈಲ್‌ಗಳನ್ನು ಕೂರಿಸಲಾಗಿತ್ತು. 1860ರ ದಶಕದಲ್ಲಿ ನೃತ್ಯಕೂಟಗಳ ಅನುಕೂಲಕ್ಕೆಂದು ಅದರ ಮೇಲೆ ಮರದ ಹಲಗೆ ಹಾಸಿದರು. ಚೆಲುವು ಮರೆಯಾಯಿತು ನಿಜ, ಆದರೆ ಸವೆಯಲಿಲ್ಲ. ಹಲಗೆ ಎತ್ತಿದಾಗಲೆಲ್ಲ ಆ ಬಣ್ಣಗಳು ಇಂದಿಗೂ ಕಣ್ಣು ಸೆಳೆಯುತ್ತವೆ.

ಹಳೆಯ ಕಟ್ಟಡಗಳಲ್ಲಿ ಈಗ ಹಲಗೆಯ ಬದಲು ಕಾರ್ಪೆಟ್ ಟೈಲ್, ಅಂದರೆ ಜಮಖಾನೆಯ ಚೌಕಗಳನ್ನು ಹಾಸುವುದುಂಟು. ಒಂದು ಚೌಕ ಹಾಳಾದರೆ ಅದನ್ನಷ್ಟೇ ಬದಲಿಸಿದರಾಯಿತು. ಅಪಾಯವಿರುವುದು ಅಂಟಿನಲ್ಲಿ. ಅದನ್ನು ಕೀಳುವಾಗ ಹಳೆಯ ನೆಲದ ಮೇಲ್ಪದರವೂ ಎದ್ದು ಬರಬಹುದು. ಗಾರೆ, ಕಲ್ಲುಗಳ ನೆಲದಿಂದ ಆರಿಹೋಗಬೇಕಾದ ತೇವವನ್ನು ಪ್ಲಾಸ್ಟಿಕ್ ತಳದ ಹಾಸು ತಡೆದರೆ, ಅದು ಪಕ್ಕದ ಗೋಡೆಗೆ ಏರುತ್ತದೆ. ಹಾಸಿದ್ದನ್ನು ಹಾನಿಯಿಲ್ಲದೆ ತೆಗೆಯಲು ಬರಬೇಕು ಎಂಬುದೇ ಲಿವರ್‌ಪೂಲಿನ ಹಲಗೆ ಕಲಿಸುವ ಪಾಠ.